ಹೆಣ್ಣುಮಕ್ಕಳ ಓದು ಮತ್ತು ಕುಟುಂಬದ ಗಾತ್ರ: ನಿಮ್ಮ ಊರಿನಲ್ಲೇ ಅಧ್ಯಯನ ಮಾಡುವ ಬಗೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ, ಭಾರತದಲ್ಲಿ ಶಾಲೆಯ ಮುಖವನ್ನೇ ಕಾಣದ ಮಹಿಳೆಯರ ಒಟ್ಟು ಫಲವತ್ತತೆ ದರ (ಒಬ್ಬ ಮಹಿಳೆ ಜೀವಮಾನದಲ್ಲಿ ಸರಾಸರಿ ಹೆರುವ ಮಕ್ಕಳ ಸಂಖ್ಯೆ) 2.8, ಹನ್ನೆರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಓದಿದವರದು 1.8. ಈ ಒಂದು ಮಗುವಿನ ಅಂತರ ಎಲ್ಲಿಂದ ಬರುತ್ತದೆ ಎಂಬುದನ್ನು ಸಮಾಜಕಾರ್ಯದ ವಿದ್ಯಾರ್ಥಿಗಳು ತಮ್ಮ ಊರಿನಲ್ಲೇ ಪರಿಶೀಲಿಸಬಹುದು.

ಮೊದಲು ವಯಸ್ಸಿನ ಗುಂಪುಗಳನ್ನು ಬೇರ್ಪಡಿಸಿಕೊಳ್ಳಿ. ಇಪ್ಪತ್ತೈದರ ಪದವೀಧರೆಗೆ ಒಂದೇ ಮಗುವಿದ್ದು, ಏಳನೇ ತರಗತಿಗೆ ಶಾಲೆ ಬಿಟ್ಟ ಅದೇ ವಯಸ್ಸಿನವಳಿಗೆ ಇಬ್ಬರಿದ್ದರೆ, ಪದವೀಧರೆಯ ಮದುವೆ ತಡವಾಯಿತು ಎಂದಷ್ಟೇ ಹೇಳಬಹುದು. ಮುಂದೆ ಅವಳಿಗೂ ಇನ್ನೊಂದು ಮಗುವಾಗಬಹುದು. ಆದ್ದರಿಂದ ಮಕ್ಕಳ ಸಂಖ್ಯೆಯನ್ನು ಹೋಲಿಸಲು ನಲವತ್ತು ದಾಟಿದವರನ್ನೂ, ಮದುವೆ ಹಾಗೂ ಚೊಚ್ಚಲ ಹೆರಿಗೆಯ ವಯಸ್ಸನ್ನು ತಿಳಿಯಲು ಕಿರಿಯರನ್ನೂ ಮಾತನಾಡಿಸಿ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬಾರದು.

ಪ್ರಶ್ನಾವಳಿಯಲ್ಲಿ ‘ಓದಿದ್ದಾರೆ, ಓದಿಲ್ಲ’ ಎಂಬ ಎರಡೇ ಕಲಂಗಳು ಸಾಲವು. ಎಷ್ಟನೇ ತರಗತಿ ಮುಗಿಸಿದರು, ಎಸ್ಸೆಸ್ಸೆಲ್ಸಿ ಪಾಸಾಯಿತೇ, ಪಿಯುಸಿಗೆ ಸೇರಿದರೇ ಎಂದು ಕೇಳಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು: “ಅಕ್ಕಾ, ಶಾಲೆ ಬಿಟ್ಟಿದ್ದು ಮೊದಲೋ, ಮದುವೆ ಗೊತ್ತಾಗಿದ್ದು ಮೊದಲೋ?” ಹೈಸ್ಕೂಲು ದೂರವಿದ್ದು, ಬಸ್ಸಿಲ್ಲದೆ ಮನೆಯಲ್ಲಿ ಉಳಿದ ಹುಡುಗಿಗೆ ಬೇಗ ಗಂಡು ಹುಡುಕುವುದಕ್ಕೂ, ಮದುವೆಗಾಗಿಯೇ ಓದು ಬಿಡಿಸುವುದಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಹೆತ್ತ ಮಕ್ಕಳೆಷ್ಟು, ಉಳಿದವರೆಷ್ಟು ಎಂಬುದನ್ನು ಪ್ರತ್ಯೇಕವಾಗಿ, ಮೃದುವಾಗಿ ಕೇಳಿ. ಮಗುವನ್ನು ಕಳೆದುಕೊಂಡ ತಾಯಿ ಮಾತು ನಿಲ್ಲಿಸಿದರೆ ಒತ್ತಾಯಿಸಬೇಡಿ. ಅತ್ತೆ ಪಕ್ಕದಲ್ಲಿ ಕುಳಿತಿದ್ದರೆ ಸೊಸೆಯ ಉತ್ತರ ಬದಲಾಗುತ್ತದೆ. ಹಾಗಾಗಿ ಅವರು ಒಬ್ಬರೇ ಸಿಗುವ ಹೊತ್ತು ನೋಡಿ, ವಿದ್ಯಾರ್ಥಿನಿಯರನ್ನೇ ಕಳುಹಿಸಿ. ಒಪ್ಪಿಗೆ ಪಡೆಯದೆ ಏನನ್ನೂ ಬರೆದುಕೊಳ್ಳಬಾರದು, ಹೆಸರನ್ನಂತೂ ಬರೆಯಲೇಬಾರದು.

ಕರ್ನಾಟಕದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಅದೇ ಸಮೀಕ್ಷೆಯಂತೆ ರಾಜ್ಯದ ಫಲವತ್ತತೆ ದರ 1.7 ಇದ್ದು, 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೇ ಅವಲಂಬಿಸಿದ್ದಾರೆ. ಗಂಡಸರು ಮಾಡಿಸಿಕೊಳ್ಳುವುದು ಇಡೀ ದೇಶದಲ್ಲಿ ಶೇಕಡಾ 1ನ್ನೂ ಮುಟ್ಟುವುದಿಲ್ಲ. ಹೀಗಾಗಿ ಓದದವರೂ ಎರಡು ಹೆರಿಗೆಯ ನಂತರ ‘ಆಪರೇಷನ್’ ಮಾಡಿಸಿಕೊಂಡಿರುತ್ತಾರೆ, ಮತ್ತು ಮಕ್ಕಳ ಸಂಖ್ಯೆಯಲ್ಲಿ ನಿಮಗೆ ದೊಡ್ಡ ವ್ಯತ್ಯಾಸ ಕಾಣದೇ ಇರಬಹುದು. ಆಗ ಓದಿನಿಂದ ಪ್ರಯೋಜನವಿಲ್ಲ ಎಂದು ತೀರ್ಮಾನಿಸದೆ, ಆಪರೇಷನ್ ಆದಾಗ ಅವರ ವಯಸ್ಸೆಷ್ಟು, ಮಕ್ಕಳ ನಡುವೆ ಎಷ್ಟು ಅಂತರವಿತ್ತು, ಕಾಪರ್-ಟಿ ಅಥವಾ ಮಾತ್ರೆಯ ವಿಚಾರವನ್ನು ಯಾರಾದರೂ ಮೊದಲೇ ಹೇಳಿದ್ದರೇ, ‘ಸಾಕು’ ಎಂದವರು ಯಾರು ಎಂದು ವಿಚಾರಿಸಿ. ಇಬ್ಬರೇ ಮಕ್ಕಳು ಎಂಬುದು ಒಬ್ಬಳ ನಿರ್ಧಾರವಾಗಿರಬಹುದು, ಇನ್ನೊಬ್ಬಳ ಪರವಾಗಿ ಮನೆಯವರು ಮಾಡಿದ ನಿರ್ಧಾರವೂ ಆಗಿರಬಹುದು. ಓದಿನ ನಿಜವಾದ ಪರಿಣಾಮವನ್ನು ಅಳೆಯಬೇಕಾದದ್ದು ಇಲ್ಲಿಯೇ.

ಓದೊಂದೇ ಕಾರಣ ಎಂದು ಬರೆಯುವ ಮುನ್ನ ಜಮೀನು, ಆದಾಯ, ಪಟ್ಟಣದ ಸಾಮೀಪ್ಯಗಳನ್ನು ತೂಗಿ ನೋಡಿ. ಕಾರಣ ತಿರುಗುಮುರುಗಾಗಿಯೂ ಕೆಲಸ ಮಾಡುತ್ತದೆ: ಮಕ್ಕಳು ಕಡಿಮೆಯಿರುವ ಮನೆ ಮಗಳನ್ನೂ ಓದಿಸುತ್ತದೆ. ಇದನ್ನು ತಿಳಿಯಲು ಆಕೆಯ ಒಡಹುಟ್ಟಿದವರು ಎಷ್ಟು ಮಂದಿ ಎಂದು ಕೇಳಿದರೆ ಸಾಕು. ಇನ್ನು ಒಂದು ಗುಂಪಿನಲ್ಲಿ ಹತ್ತಿಪ್ಪತ್ತು ಮಂದಿ ಮಾತ್ರ ಸಿಕ್ಕಿದ್ದರೆ ಶೇಕಡಾವಾರು ಲೆಕ್ಕ ಹಾಕಬೇಡಿ. ಇದ್ದ ಸಂಖ್ಯೆಯನ್ನೇ ಬರೆದು, ಅವರು ಹೇಳಿದ ಮಾತನ್ನು ಪಕ್ಕದಲ್ಲಿ ಅವರದೇ ನುಡಿಯಲ್ಲಿ ದಾಖಲಿಸಿ.