ಸಿತ್ತಂಪೂಂಡಿಯ ಬಿಳಿ ಕಲ್ಲು ಓದಿದ್ದು ಹೇಗೆ: ನನ್ನ ಅನುಭವ

ಹಳೆಯ ಅನಾರ್ಥೊಸೈಟ್ ಎಂಬ ಬಿಳಿ ಶಿಲೆಯ ಮೇಲೆ ಕೆಲಸ ಮಾಡುವವರು ಒಂದು ಪ್ರಶ್ನೆಯನ್ನು ಕೊನೆಯವರೆಗೂ ಕೈಬಿಡಬಾರದು. ಕಣ್ಣೆದುರಿನ ಕಲ್ಲಿನಲ್ಲಿ ಶಿಲಾಪಾಕ (ನೆಲದಾಳದ ಕರಗಿದ ಶಿಲೆ) ಮಾಡಿಟ್ಟದ್ದು ಯಾವುದು, ಆಮೇಲೆ ಭೂಮಿಯ ಆಳದ ಬಿಸಿ ಮತ್ತು ಒತ್ತಡ ಮಾಡಿದ್ದು ಯಾವುದು? ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿ ಸಂಕೀರ್ಣದಲ್ಲಿ (ಒಟ್ಟಿಗೆ ಕೂತ ಹಲವು ಬಗೆಯ ಶಿಲೆಗಳ ಗುಂಪು) ನಾನು ಮಾಡಿದ ಕೆಲಸವೆಲ್ಲ ಈ ಎರಡನ್ನು ಬೇರೆ ಮಾಡುವ ಪ್ರಯತ್ನವೇ. ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಭೂವಿಜ್ಞಾನ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಉಪಯೋಗ ಆಗಲಿ ಎನ್ನುವ ಆಸೆ.

ಮೊದಲು ಕಲ್ಲಿನ ಪರಿಚಯ. ನೂರಕ್ಕೆ 90 ಪಾಲು ಅಥವಾ ಅದಕ್ಕಿಂತ ಜಾಸ್ತಿ ಪ್ಲೇಜಿಯೋಕ್ಲೇಸ್ ಎಂಬ ಖನಿಜ ಇರುವ ಅಗ್ನಿಶಿಲೆಯೇ ಅನಾರ್ಥೊಸೈಟ್. ಪ್ಲೇಜಿಯೋಕ್ಲೇಸ್‌ನಲ್ಲಿ ಒಂದು ತುದಿಗೆ ಸೋಡಿಯಂ, ಇನ್ನೊಂದು ತುದಿಗೆ ಕ್ಯಾಲ್ಸಿಯಂ. ಕ್ಯಾಲ್ಸಿಯಂ ತುದಿಯ ಹೆಸರು ಅನಾರ್ಥೈಟ್. ಒಂದು ಹರಳಿನಲ್ಲಿ ಅದರ ಪಾಲು ಎಷ್ಟು ಅನ್ನುವುದನ್ನು ನಾವು ನೂರಕ್ಕೆ ಇಷ್ಟು ಎಂದು ಲೆಕ್ಕ ಹಾಕುತ್ತೇವೆ. ಕೆನಡಾದ ಲ್ಯಾಬ್ರಡಾರ್, ನ್ಯೂಯಾರ್ಕಿನ ಆಡಿರಾಂಡಾಕ್, ನಮ್ಮ ಒಡಿಶಾದ ಚಿಲಿಕಾ ಕಡೆಯ ದೊಡ್ಡ ದೊಡ್ಡ ಅನಾರ್ಥೊಸೈಟ್ ರಾಶಿಗಳಲ್ಲಿ ಈ ಲೆಕ್ಕ ಸಾಮಾನ್ಯವಾಗಿ 40ರಿಂದ 60ರ ಸುತ್ತ ಇರುತ್ತದೆ. ಸಿತ್ತಂಪೂಂಡಿಯಲ್ಲಿ 80 ದಾಟುತ್ತದೆ, ಎಷ್ಟೋ ಕಡೆ 90 ಮೀರಿ 100ರ ಹತ್ತಿರಕ್ಕೂ ಹೋಗುತ್ತದೆ. ಗ್ರೀನ್‌ಲ್ಯಾಂಡಿನ ಫಿಸ್ಕೆನೆಸೆಟ್‌ನಂಥ ಆರ್ಕಿಯನ್ ಯುಗದ (250 ಕೋಟಿ ವರ್ಷಕ್ಕೂ ಹಿಂದಿನ) ಸಂಕೀರ್ಣಗಳಲ್ಲೂ ಇದೇ ಗುಣ. ಹೆಸರು ಒಂದೇ ಆದರೂ ಎರಡು ಗುಂಪಿನ ಹುಟ್ಟು ಬೇರೆ ಬೇರೆ. ಇದನ್ನು ಗಮನದಲ್ಲಿ ಇಟ್ಟುಕೊಳ್ಳದೆ ಓದಿದರೆ ಪುಸ್ತಕಗಳು ಸುಮ್ನೆ ಗೊಂದಲ ಹುಟ್ಟಿಸುತ್ತವೆ.

ಸಂಕೀರ್ಣದ ಉದ್ದ ಸುಮಾರು 36 ಕಿಲೋಮೀಟರ್. ಅಗಲ ಹೆಚ್ಚೆಂದರೆ 2 ಕಿಲೋಮೀಟರ್ ಆಸುಪಾಸು. ಕಾವೇರಿಯ ಕಡೆಗೆ ಸಾಗುವ ಬಯಲು ಸೀಮೆ. ಬೆಟ್ಟ ಹತ್ತುವ ಕಷ್ಟ ಇಲ್ಲ. ಕಷ್ಟ ಬೇರೆ ಥರದ್ದು. ಬಂಡೆಗಳು ಹೊಲಗಳ ಮಧ್ಯೆ ಅಲ್ಲೊಂದು ಇಲ್ಲೊಂದು ತಲೆ ಎತ್ತಿರುತ್ತವೆ, ನಡುವಿನದೆಲ್ಲ ಮಣ್ಣಿನ ಕೆಳಗೆ. ಅದಕ್ಕೇ ನಾನು ಕೊಯ್ಲು ಮುಗಿದ ಮೇಲೆ ಹೋಗುತ್ತಿದ್ದೆ. ಉತ್ತ ಹೊಲದಲ್ಲಿ ಮೇಲೆ ಬಂದ ಕಲ್ಲಿನ ಚೂರು, ಬಾವಿ ತೋಡಿದಾಗ ತೆಗೆದು ಹಾಕಿದ ಗುಡ್ಡೆ, ಬದುವಿಗೆ ಜೋಡಿಸಿದ ಕಲ್ಲು ಎಲ್ಲವೂ ಸಾಕ್ಷಿಯೇ. ಬದುವಿನ ಕಲ್ಲನ್ನು ನಕ್ಷೆಗೆ ಹಾಕುವ ಮೊದಲು ಅದು ಎಲ್ಲಿಂದ ಬಂತು ಅಂತ ಹೊಲದವರನ್ನು ಕೇಳಲೇಬೇಕು. ಒಬ್ಬ ಹಿರಿಯರು ತಮ್ಮ ಬಾವಿಯ ಹತ್ತಿರ ಕರೆದುಕೊಂಡು ಹೋಗಿ, ಎಷ್ಟು ಆಳದವರೆಗೆ ಬಿಳಿ ಕಲ್ಲು, ಎಲ್ಲಿಂದ ಕಪ್ಪು ಕಲ್ಲು ಅಂತ ಗೋಡೆಯಲ್ಲೇ ಬೆರಳಿಟ್ಟು ತೋರಿಸಿದರು. "ನೋಡಮ್ಮಾ, ಇಲ್ಲಿಂದ ಕೆಳಗೆ ಉಳಿ ನಾಟೋದಿಲ್ಲ" ಅಂದರು. ಅನಾರ್ಥೊಸೈಟ್ ಮುಗಿದು ಗಾರ್ನೆಟ್ ತುಂಬಿದ ಗ್ಯಾಬ್ರೊ ಶುರುವಾಗುವ ಗೆರೆ ಅದು. ಅಷ್ಟು ಚೆನ್ನಾದ ಸಂಪರ್ಕ ರೇಖೆ ನನಗೆ ಆ ಸುತ್ತಿನಲ್ಲಿ ಬಂಡೆಯ ಮೇಲೆ ಸಿಕ್ಕಿರಲಿಲ್ಲ.

ಈ ಸಂಕೀರ್ಣದ ಮೇಲಿನ ದೊಡ್ಡ ಕೆಲಸ ಎ.ಪಿ. ಸುಬ್ರಮಣ್ಯಂ ಅವರದು, 1956ರಲ್ಲಿ ಅಚ್ಚಾಯಿತು. ಪದರ ಪದರವಾಗಿ ಕೂತ ಅಗ್ನಿಶಿಲೆ ಆಮೇಲೆ ಮಡಿಸಿಕೊಂಡು, ಬಿಸಿ ಒತ್ತಡಕ್ಕೆ ಸಿಕ್ಕಿ ರೂಪಾಂತರಗೊಂಡಿದೆ ಎಂಬ ಚಿತ್ರ ಅಲ್ಲಿಂದಲೇ ಬಂತು. ನಾನು ಹೊಲಕ್ಕೆ ಇಳಿಯುವ ಮುಂಚೆ ಅದನ್ನು ಓದಿ, ಅವರ ನಕ್ಷೆಯನ್ನು ನನ್ನ ಟೋಪೋಶೀಟಿನ (ನೆಲದ ಏರಿಳಿತ ತೋರಿಸುವ ನಕ್ಷೆ) ಪಕ್ಕದಲ್ಲಿ ಇಟ್ಟುಕೊಂಡಿದ್ದೆ. ಇನ್ನೊಂದು ಹೆಮ್ಮೆಯ ವಿಷಯ. ಮೈಸೂರು ವಿಶ್ವವಿದ್ಯಾಲಯದ ಎ.ಎಸ್. ಜನಾರ್ದನ್ ಅವರು ಬ್ರಿಟನ್ನಿನ ಬರ್ನಾರ್ಡ್ ಲೀಕ್ ಜೊತೆ ಸೇರಿ 1974ರಲ್ಲಿ ಇಲ್ಲಿಯ ಸಫಿರೀನ್ ಖನಿಜದ ಬಗ್ಗೆ ಬರೆದರು. ಸಫಿರೀನ್ ಹುಟ್ಟಬೇಕಾದರೆ ತುಂಬ ಬಿಸಿ ಬೇಕು. ಶಿಲಾಪಾಕ ಗಟ್ಟಿಯಾದ ಮೇಲೆ ಈ ಕಲ್ಲು ಮತ್ತೊಮ್ಮೆ ಎಂಥ ಬಿಸಿ ಕಂಡಿದೆ ಎನ್ನುವುದಕ್ಕೆ ಅದೇ ಗುರುತು.

ಹೊಲದಲ್ಲಿ ನನ್ನ ಕೈಹಿಡಿದದ್ದು ಕ್ರೋಮೈಟ್, ಅಂದರೆ ಕ್ರೋಮಿಯಂ ಅದಿರಿನ ಪದರಗಳು. ಬಿಳಿ ಕಲ್ಲಿನ ನಡುವೆ ಕಪ್ಪು ಪಟ್ಟಿ. ಕೆಲವು ಬೆರಳಗಲ, ಕೆಲವು ಆಳುದ್ದ. ಅನಾರ್ಥೊಸೈಟನ್ನು ಹಿಂಡಿದರೆ, ಕಾಸಿದರೆ ಪ್ಲೇಜಿಯೋಕ್ಲೇಸ್ ಮತ್ತೆ ಹರಳುಗಟ್ಟಿ ತನ್ನ ಹಳೆಯ ರೂಪ ಮರೆಸಿಬಿಡುತ್ತದೆ. ಕ್ರೋಮೈಟ್ ಪದರ ಹಾಗಲ್ಲ, ಎಳೆದಾಡಿಸಿಕೊಂಡರೂ ಪದರವಾಗಿಯೇ ಉಳಿಯುತ್ತದೆ. ಆದ್ದರಿಂದ ನಾನು ಮೊದಲು ಆ ಪಟ್ಟಿಗಳ ದಿಕ್ಕು ಮತ್ತು ಇಳಿಜಾರನ್ನು ಬ್ರಂಟನ್ ಕಂಪಾಸಿನಲ್ಲಿ ಅಳೆದು ನಕ್ಷೆಗೆ ಹಾಕಿದೆ, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿದೆ. ಒಂದು ಎಚ್ಚರಿಕೆ ಹೇಳಲೇಬೇಕು. ಯಾವುದು ಮೂಲತಃ ಮೇಲಿನ ಪದರ, ಯಾವುದು ಕೆಳಗಿನದು ಎಂದು ಒಂದೇ ಬಂಡೆ ನೋಡಿ ತೀರ್ಮಾನ ಮಾಡಬೇಡಿ. ಇಲ್ಲಿ ಮಡಿಕೆಗಳು ಬಿಗಿ. ಪದರ ತಲೆಕೆಳಗಾಗಿರುವ ಸಾಧ್ಯತೆ ಯಾವಾಗಲೂ ಇದೆ.

ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯ ಬೈರಾಪುರದ ಕ್ರೋಮೈಟ್ ನೋಡಿದವರಿಗೆ ಸಿತ್ತಂಪೂಂಡಿಯದು ವಿಚಿತ್ರ ಅನಿಸುತ್ತದೆ. ಬೈರಾಪುರದಲ್ಲಿ ಕ್ರೋಮೈಟ್ ಇರುವುದು ಸರ್ಪೆಂಟಿನೈಟ್ ಆಗಿ ಬದಲಾದ ಅತಿಕ್ಷಾರೀಯ (ಸಿಲಿಕಾ ತುಂಬ ಕಡಿಮೆ ಇರುವ) ಶಿಲೆಯಲ್ಲಿ, ಅದಿರು ಕ್ರೋಮಿಯಂನಲ್ಲಿ ಶ್ರೀಮಂತ. ಸಿತ್ತಂಪೂಂಡಿಯದರಲ್ಲಿ ಕ್ರೋಮಿಯಂ ಕಡಿಮೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಜಾಸ್ತಿ. ಜೊತೆಗೆ ಕ್ರೋಮೈಟ್ ಹರಳುಗಳ ನಡುವೆ ತುಂಬಿರುವುದು ಆಂಫಿಬೋಲ್. ಆಂಫಿಬೋಲ್ ತನ್ನ ರಚನೆಯಲ್ಲೇ ನೀರಿನ ಅಂಶ ಇಟ್ಟುಕೊಳ್ಳುವ ಖನಿಜ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಲ್ಯಾಬಿನ ಕೆಲಸ. ನನಗೆ ತುಂಬ ಪ್ರೀತಿಯ ಭಾಗ ಇದು. ಕಲ್ಲನ್ನು ಡೈಮಂಡ್ ಬ್ಲೇಡಿನಲ್ಲಿ ಕತ್ತರಿಸಿ, ಒಂದು ಮುಖವನ್ನು ಕಾರ್ಬೊರಂಡಮ್ ಪುಡಿಯಲ್ಲಿ ನುಣುಪು ಮಾಡಿ, ಗಾಜಿನ ಸ್ಲೈಡಿಗೆ ಎಪಾಕ್ಸಿ ಹಾಕಿ ಅಂಟಿಸಿ, ಇನ್ನೊಂದು ಕಡೆಯಿಂದ ಬೆಳಕು ಹಾಯುವಷ್ಟು ತೆಳುವಾಗಿ, 0.03 ಮಿಲಿಮೀಟರಿಗೆ ಬರುವವರೆಗೆ ಉಜ್ಜಬೇಕು. 220ರ ಪುಡಿ, ಆಮೇಲೆ 400, 600, 1000. ಮಾಮೂಲಿ ಗ್ರಾನೈಟಿಗೆ ಇದು ಸಲೀಸು. ಸಿತ್ತಂಪೂಂಡಿಯ ಕೆಲವು ಕಲ್ಲುಗಳಲ್ಲಿ ಕೊರಂಡಮ್ ಇದೆ, ಅಂದರೆ ಕುರುಂದ. ಹತ್ತರ ಅಳತೆಯಲ್ಲಿ ಅದರ ಗಡಸುತನ 9. ಪ್ಲೇಜಿಯೋಕ್ಲೇಸ್‌ದು 6. ಉಜ್ಜಿದಂತೆಲ್ಲ ಸುತ್ತಲಿನ ಬಿಳಿ ಖನಿಜ ಸವೆಯುತ್ತದೆ, ಕುರುಂದ ಹಾಗೇ ಎದ್ದು ನಿಲ್ಲುತ್ತದೆ. ಇನ್ನೂ ಉಜ್ಜಿದರೆ ಅದು ಬುಡಸಮೇತ ಕಿತ್ತು ಬರುತ್ತದೆ, ಸ್ಲೈಡಿನಲ್ಲಿ ತೂತು ಉಳಿಯುತ್ತದೆ. ಕಿತ್ತು ಬಂದ ಚೂರು ಉಳಿದ ಭಾಗವನ್ನೂ ಗೀರಿ ಹಾಕುತ್ತದೆ.

ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಒಬ್ಬರು ಇದಕ್ಕೆ ದಾರಿ ತೋರಿಸಿಕೊಟ್ಟರು. "ಮೇಡಂ, ಇಂಥ ಕಲ್ಲಿಗೆ ಮೊದಲೇ ಎಪಾಕ್ಸಿ ಕುಡಿಸಿಬಿಡಿ" ಅಂದರು. ಕತ್ತರಿಸಿದ ತುಂಡನ್ನು ಬೆಚ್ಚಗೆ ಮಾಡಿ, ತೆಳು ಎಪಾಕ್ಸಿಯನ್ನು ಬಿರುಕುಗಳೊಳಗೆ ಇಳಿಯಲು ಬಿಟ್ಟು, ಪೂರ್ತಿ ಗಟ್ಟಿಯಾದ ಮೇಲೆ ಉಜ್ಜಲು ಶುರು ಮಾಡಬೇಕು. ಬಿಡಿ ಪುಡಿಯ ಬದಲು ವಜ್ರದ ಕಣ ಕೂರಿಸಿದ ಚಪ್ಪಟೆ ತಟ್ಟೆ ಬಳಸಬೇಕು. ಕೈಯ ಭಾರ ಕಡಿಮೆ ಇರಬೇಕು. ಇಷ್ಟಾದರೂ ಕುರುಂದ ಸ್ವಲ್ಪ ದಪ್ಪವಾಗಿಯೇ ಉಳಿಯುತ್ತದೆ. ಹಾಗಾಗಿ ಮೈಕ್ರೋಸ್ಕೋಪಿನಲ್ಲಿ ಅಡ್ಡ ಧ್ರುವಕಗಳ (ಬೆಳಕನ್ನು ಸೋಸುವ, ಒಂದಕ್ಕೊಂದು ಅಡ್ಡ ಇಟ್ಟ ಎರಡು ಫಿಲ್ಟರ್) ನಡುವೆ ಬೂದು ಬಿಳಿ ಕಾಣಬೇಕಾದ ಕುರುಂದ ಹಳದಿ, ಕಿತ್ತಳೆ ಬಣ್ಣ ತೋರಿಸುತ್ತದೆ. ಸ್ಲೈಡಿನ ದಪ್ಪವನ್ನು ಅದನ್ನು ನೋಡಿ ಅಳೆಯಬೇಡಿ. ಪಕ್ಕದ ಪ್ಲೇಜಿಯೋಕ್ಲೇಸ್ ಬೂದು ಬಿಳಿ, ಹೆಚ್ಚೆಂದರೆ ತಿಳಿ ಹಳದಿ ಇದೆಯಾ ಅಂತ ನೋಡಿ, ಅದೇ ಅಳತೆ.

ಈ ಕುರುಂದಕ್ಕೆ ಹಳೆಯ ಇತಿಹಾಸವೂ ಇದೆ. 19ನೇ ಶತಮಾನದ ಆರಂಭದಲ್ಲಿ ಕರ್ನಾಟಿಕ್ ಪ್ರಾಂತ್ಯದಿಂದ (ಈಗಿನ ತಮಿಳುನಾಡಿನ ಕಡೆ) ಯುರೋಪಿಗೆ ಹೋದ ಕುರುಂದದ ಸುತ್ತ ಅಂಟಿದ್ದ ಬಿಳಿ ಖನಿಜವನ್ನು ಫ್ರೆಂಚ್ ಖನಿಜತಜ್ಞ ಕೌಂಟ್ ಡಿ ಬೂರ್ನೋನ್ ವರ್ಣಿಸಿ ಇಂಡಿಯಾನೈಟ್ ಎಂದು ಕರೆದ. ಅದು ನಮ್ಮ ಅನಾರ್ಥೈಟೇ. ಕುರುಂದ ಇಲ್ಲಿ ಹೇಗೆ ಹುಟ್ಟಿತು ಎನ್ನುವುದರಲ್ಲಿ ಸಂಶೋಧಕರಿಗೆ ಒಮ್ಮತ ಇಲ್ಲ. ನಾನು ನೋಡಿದ ಸ್ಲೈಡುಗಳ ಮಟ್ಟಿಗೆ ಅದು ರೂಪಾಂತರದ ಕೂಸು ಅಂತಲೇ ನನ್ನ ಅಭಿಪ್ರಾಯ.

ಮೈಕ್ರೋಸ್ಕೋಪಿನಲ್ಲಿ ಪ್ಲೇಜಿಯೋಕ್ಲೇಸ್ ಹರಳುಗಳು ಕಲ್ಲುಸಕ್ಕರೆ ಜಜ್ಜಿ ಒತ್ತಿಟ್ಟ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮೂರು ಹರಳು ಕೂಡುವಲ್ಲಿ ಕೋನ ಸುಮಾರು 120 ಡಿಗ್ರಿ. ಇದು ಶಿಲಾಪಾಕದ ಕೆಲಸ ಅಲ್ಲ, ಘನ ಸ್ಥಿತಿಯಲ್ಲೇ ಮತ್ತೆ ಹರಳುಗಟ್ಟಿದ್ದರ ಗುರುತು. ಅಂದರೆ ಹರಳಿನ ಆಕಾರ ರೂಪಾಂತರದ್ದು. ಹರಳಿನ ರಾಸಾಯನಿಕ ಸಂಯೋಜನೆ ಬಹುಮಟ್ಟಿಗೆ ಶಿಲಾಪಾಕದ್ದು. ಎರಡನ್ನೂ ಒಂದೇ ಹರಳಿನಲ್ಲಿ ಓದಬೇಕು.

ಸಂಯೋಜನೆ ತಿಳಿಯಲು ಎಲೆಕ್ಟ್ರಾನ್ ಮೈಕ್ರೋಪ್ರೋಬ್ (ಎಲೆಕ್ಟ್ರಾನ್ ಕಿರಣ ಹಾಯಿಸಿ ಹರಳಿನ ಧಾತುಗಳನ್ನು ಅಳೆಯುವ ಯಂತ್ರ) ಇದ್ದರೆ ಚಿಂತೆ ಇಲ್ಲ. ಅದು ಸಿಗುವ ಮೊದಲೇ ಮಿಶೆಲ್ ಲೆವಿ ವಿಧಾನದಲ್ಲಿ ಅಂದಾಜು ಮಾಡಿಕೊಳ್ಳಿ. ಅವಳಿ ಹರಳಿನ ಪಟ್ಟಿಗಳು ಎಷ್ಟು ಕೋನದಲ್ಲಿ ಕತ್ತಲಾಗುತ್ತವೆ ಎಂದು ಅಳೆಯುವುದು. ಲ್ಯಾಬ್ರಡೊರೈಟ್ (ಅನಾರ್ಥೈಟ್ ಪಾಲು 50ರಿಂದ 70 ಇರುವ ಪ್ಲೇಜಿಯೋಕ್ಲೇಸ್) ಆದರೆ ಗರಿಷ್ಠ ಕೋನ 30 ಡಿಗ್ರಿ ಸುತ್ತಮುತ್ತ. ಇಲ್ಲಿ 50 ಮುಟ್ಟುತ್ತದೆ, ದಾಟುತ್ತದೆ. 45 ದಾಟಿದ ಮೇಲೆ ನೀವು ಅಳೆಯುತ್ತಿರುವುದು ಹರಳಿನೊಳಗೆ ಎರಡಾಗಿ ಒಡೆದ ಬೆಳಕಿನ ವೇಗದ ಕಿರಣವೋ ನಿಧಾನದ ಕಿರಣವೋ ಅಂತ ಜಿಪ್ಸಮ್ ಪ್ಲೇಟ್ ಹಾಕಿ ಖಚಿತ ಮಾಡಿಕೊಳ್ಳಲೇಬೇಕು, ಇಲ್ಲದಿದ್ದರೆ ಉತ್ತರವೇ ಉಲ್ಟಾ ಆಗುತ್ತದೆ. ರೂಪಾಂತರಗೊಂಡ ಈ ಕಲ್ಲಿನಲ್ಲಿ ಚೆನ್ನಾದ ಅವಳಿ ಪಟ್ಟಿ ಸಿಗುವುದು ಕಡಿಮೆ, ತಾಳ್ಮೆಯಿಂದ ಹುಡುಕಬೇಕು. ಇನ್ನೊಂದು ಸುಲಭ ಪರೀಕ್ಷೆ: ನುಣ್ಣಗೆ ಪುಡಿ ಮಾಡಿ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿ. ಅನಾರ್ಥೈಟ್ ಕರಗಿ ಸಿಲಿಕಾ ಲೋಳೆಯಾಗಿ ಉಳಿಯುತ್ತದೆ. ಸೋಡಿಯಂ ಜಾಸ್ತಿ ಇರುವ ಪ್ಲೇಜಿಯೋಕ್ಲೇಸ್ ಹಾಗೆ ಕರಗುವುದಿಲ್ಲ.

ಇಷ್ಟೊಂದು ಕ್ಯಾಲ್ಸಿಯಂ ಯಾಕೆ? ಇಲ್ಲಿ ಚಂದ್ರನ ಮಾತು ಬರುತ್ತದೆ. 1969ರಲ್ಲಿ ಅಪೊಲೊ 11 ತಂದ ಮಣ್ಣಿನಲ್ಲಿ ಬಿಳಿ ಅನಾರ್ಥೊಸೈಟ್ ಚೂರುಗಳು ಸಿಕ್ಕವು. ಚಂದ್ರ ಹುಟ್ಟಿದ ಹೊಸದರಲ್ಲಿ ಅದರ ಮೇಲ್ಭಾಗ ಕರಗಿದ ಶಿಲೆಯ ಸಾಗರವಾಗಿತ್ತು, ಹಗುರವಾದ ಪ್ಲೇಜಿಯೋಕ್ಲೇಸ್ ತೇಲಿ ಚಿಪ್ಪಾಯಿತು ಎಂಬ ವಿವರಣೆ ಅಲ್ಲಿಂದ ಬೆಳೆಯಿತು. ಚಂದ್ರನಲ್ಲಿ ಸೋಡಿಯಂ ತುಂಬ ಕಡಿಮೆ. ಅದಕ್ಕೇ ಅಲ್ಲಿಯ ಪ್ಲೇಜಿಯೋಕ್ಲೇಸ್ ಕ್ಯಾಲ್ಸಿಯಂ ತುದಿಗೆ ಅಂಟಿಕೊಂಡಿದೆ. ಸಿತ್ತಂಪೂಂಡಿಯ ಕಾರಣ ಬೇರೆ, ಇಲ್ಲಿ ನೀರು. ನೀರು ಕರಗಿರುವ ಶಿಲಾಪಾಕದಲ್ಲಿ ಹುಟ್ಟುವ ಪ್ಲೇಜಿಯೋಕ್ಲೇಸ್ ಕ್ಯಾಲ್ಸಿಯಂ ಕಡೆಗೆ ವಾಲುತ್ತದೆ. ಕ್ರೋಮೈಟ್ ಜೊತೆ ಆಂಫಿಬೋಲ್ ಇತ್ತಲ್ವಾ, ಅದರಲ್ಲಿ ಒಂದಿಷ್ಟಾದರೂ ಶಿಲಾಪಾಕದಿಂದಲೇ ಬಂದದ್ದು ಎಂದು ಒಪ್ಪಿದರೆ ಎರಡು ಸಾಕ್ಷಿಗಳೂ ಒಂದೇ ಕಡೆ ಕೈ ತೋರಿಸುತ್ತವೆ. ಒಂದು ಭೂಫಲಕ ಇನ್ನೊಂದರ ಕೆಳಗೆ ಜಾರುವ ಜಾಗದಲ್ಲಿ ಇಂಥ ನೀರುಳ್ಳ ಶಿಲಾಪಾಕ ಹುಟ್ಟುತ್ತದೆ. ಸಿತ್ತಂಪೂಂಡಿಯ ಬಗ್ಗೆ ಈಚಿನ ಹಲವು ಅಧ್ಯಯನಗಳು ಇದೇ ಮಾತು ಹೇಳಿವೆ. ನನಗೂ ಅದೇ ಸರಿ ಕಾಣುತ್ತದೆ.

ಕಾರಣ ಬೇರೆಯಾದರೂ ಕಲ್ಲು ಚಂದ್ರನ ಎತ್ತರದ ಪ್ರದೇಶದ ಕಲ್ಲಿಗೆ ಹತ್ತಿರ. ಇಸ್ರೊ ಸಂಸ್ಥೆ ಚಂದ್ರಯಾನದ ಲ್ಯಾಂಡರ್, ರೋವರ್ ಪರೀಕ್ಷೆಗೆ ಬೆಂಗಳೂರಿನಲ್ಲಿ ಹಾಸಿದ ಕೃತಕ ಚಂದ್ರನ ಮಣ್ಣನ್ನು ಸಿತ್ತಂಪೂಂಡಿ ಮತ್ತು ಕುನ್ನಮಲೈ ಕಡೆಯ ಅನಾರ್ಥೊಸೈಟ್ ಪುಡಿ ಮಾಡಿಯೇ ತಯಾರಿಸಿತು. 2023ರ ಆಗಸ್ಟ್ 23ರಂದು ವಿಕ್ರಮ್ ಇಳಿದ ಮೇಲೆ ಪ್ರಜ್ಞಾನ್ ರೋವರ್ ಅಳೆದ ಮಣ್ಣೂ ಕಬ್ಬಿಣಯುಕ್ತ ಅನಾರ್ಥೊಸೈಟ್ ಬಗೆಯದೇ ಎಂದು 2024ರಲ್ಲಿ ಪ್ರಕಟವಾಯಿತು. ಆ ಸುದ್ದಿ ಓದಿದ ದಿನ ನನ್ನ ಖುಷಿ ಹೇಳತೀರದು.

ವಯಸ್ಸಿನ ಲೆಕ್ಕ ಇನ್ನೂ ಪೂರ್ತಿ ಬಗೆಹರಿದಿಲ್ಲ. ಸಮೇರಿಯಂ ನಿಯೋಡಿಮಿಯಂ ವಿಧಾನ ಸುಮಾರು 290 ಕೋಟಿ ವರ್ಷ ಅಂದಿತು. ಜಿರ್ಕಾನ್ ಹರಳುಗಳ ಯುರೇನಿಯಂ ಸೀಸದ ಲೆಕ್ಕ ಸುಮಾರು 254 ಕೋಟಿ ವರ್ಷ ಕೊಟ್ಟಿತು. ನನಗೆ ಜಿರ್ಕಾನ್ ಮೇಲೆ ನಂಬಿಕೆ ಜಾಸ್ತಿ, ಆದರೆ ಅನಾರ್ಥೊಸೈಟಿನಲ್ಲಿ ಅದು ಸಿಗುವುದು ಅಪರೂಪ. ಮಾದರಿ ತರುವವರು ಅಂಗೈಯಗಲದ ಚೂರು ತಂದರೆ ಸಾಲದು. ಬಿರುಕಿಲ್ಲದ, ಹವೆಗೆ ಬಣ್ಣಗೆಡದ ಕಲ್ಲನ್ನು ಚೀಲಗಟ್ಟಲೆ ತರಬೇಕು. ಬಿಳಿ ಕಲ್ಲಿನ ಜೊತೆಗೆ ಪಕ್ಕದ ಗ್ಯಾಬ್ರೊ ಪದರದ್ದೂ ಅಷ್ಟೇ ತನ್ನಿ, ಜಿರ್ಕಾನ್ ಅಲ್ಲಿ ಸಿಗುವ ಸಂಭವ ಹೆಚ್ಚು.