ಬೆಂಗಳೂರು–ದೆಹಲಿ: ವಿಮಾನದ ದೂರ ಮತ್ತು ಸಮಯವನ್ನು ನೀವೇ ಲೆಕ್ಕ ಹಾಕುವ ಬಗೆ

ಬೆಂಗಳೂರಿನಿಂದ ದೆಹಲಿಗೆ ಕಾರಿನಲ್ಲಿ ಹೊರಟವರಿಗೆ ದಾರಿ ಸುಮಾರು 2,150 ಕಿ.ಮೀ. ಆಗುತ್ತದೆ, ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದವರಿಗೆ ಅದಕ್ಕಿಂತಲೂ ಹೆಚ್ಚು. ವಿಮಾನಕ್ಕೆ ಘಟ್ಟವೂ ಇಲ್ಲ, ನದಿಯೂ ಅಡ್ಡವಿಲ್ಲ. ಆದ್ದರಿಂದ ಅದರ ದೂರವನ್ನು ಎರಡು ವಿಮಾನ ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶಗಳಿಂದಲೇ ಕಂಡುಕೊಳ್ಳಬಹುದು.

ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣವು ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿಯೂ ದೆಹಲಿಯ ಇಂದಿರಾ ಗಾಂಧಿ ನಿಲ್ದಾಣವು ಸುಮಾರು 28.57 ಡಿಗ್ರಿಯಲ್ಲಿಯೂ ಇವೆ. ಎರಡೂ 77 ಡಿಗ್ರಿ ಪೂರ್ವ ರೇಖಾಂಶದ ಆಸುಪಾಸಿನಲ್ಲಿರುವುದರಿಂದ ಒಂದು ಇನ್ನೊಂದಕ್ಕೆ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಎಂದು ಹಿಡಿದು 15.37ರಿಂದ ಗುಣಿಸಿದರೆ 1,700 ಕಿ.ಮೀ. ದಾಟುತ್ತದೆ. ಸರಿಯಾದ ದೂರ ಸುಮಾರು 1,710 ಕಿ.ಮೀ. ಶಾಲೆಯ ಅಟ್ಲಾಸ್ ಒಂದಿದ್ದರೆ ಇಷ್ಟು ಲೆಕ್ಕಕ್ಕೆ ಸಾಕು.

ಮುಂಬೈ ವಾಯವ್ಯಕ್ಕಿರುವ ಕಾರಣ ಇನ್ನೊಂದು ಹೆಜ್ಜೆ ಬೇಕಾಗುತ್ತದೆ. ಅಕ್ಷಾಂಶದ ವ್ಯತ್ಯಾಸ 5.9 ಡಿಗ್ರಿ, ಅಂದರೆ 655 ಕಿ.ಮೀ. ರೇಖಾಂಶದ ವ್ಯತ್ಯಾಸ 4.8 ಡಿಗ್ರಿ; ಆದರೆ ರೇಖಾಂಶಗಳು ಧ್ರುವದತ್ತ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ಇಲ್ಲಿ ಡಿಗ್ರಿಗೆ 107 ಕಿ.ಮೀ. ಮಾತ್ರ ಹಿಡಿಯಬೇಕು, ಆಗ 514 ಕಿ.ಮೀ. ಸಿಗುತ್ತದೆ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 830 ಕಿ.ಮೀ. ಅಮೆರಿಕದಂಥ ದೂರದ ಊರುಗಳಿಗೆ ಈ ಸುಲಭದ ದಾರಿ ಒದಗದು. ಭೂಮಿಯ ಗುಂಡಗಿನ ಮೈಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸೂತ್ರವನ್ನೇ ಬಳಸಬೇಕು.

ಇನ್ನು ಸಮಯ. ಈ ಮಾರ್ಗಗಳಲ್ಲಿ ಓಡಾಡುವ ಏರ್‌ಬಸ್ 320, ಬೋಯಿಂಗ್ 737ರಂಥ ವಿಮಾನಗಳು ಮೇಲೇರಿದ ಬಳಿಕ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹಾರುತ್ತವೆ. ದೆಹಲಿಯ ದೂರವನ್ನು ಈ ವೇಗದಿಂದ ಭಾಗಿಸಿದರೆ ಎರಡು ಗಂಟೆಗಿಂತ ತುಸು ಹೆಚ್ಚು ಬರುತ್ತದೆ, ಟಿಕೆಟ್ಟಿನಲ್ಲಿ ಮಾತ್ರ ಎರಡೂಮುಕ್ಕಾಲು ಗಂಟೆಯ ಆಸುಪಾಸು ಇರುತ್ತದೆ. ಇದು ಮೋಸವಲ್ಲ. ವಿಮಾನ ಜಾಗ ಬಿಟ್ಟು ಕದಲಿದ ಕ್ಷಣದಿಂದ ಇನ್ನೊಂದು ಊರಿನಲ್ಲಿ ಇಳಿದು ನಿಲ್ಲುವವರೆಗಿನ ಅವಧಿಯನ್ನು ವೇಳಾಪಟ್ಟಿ ಹೇಳುತ್ತದೆ. ರನ್‌ವೇವರೆಗಿನ ನಿಧಾನದ ಓಟ, ಸರದಿಯ ಕಾಯುವಿಕೆ, ಏರುವಾಗ ಮತ್ತು ಇಳಿಯುವಾಗಿನ ಕಡಿಮೆ ವೇಗ ಎಲ್ಲವೂ ಅದರೊಳಗೆ ಸೇರಿವೆ. ಇವುಗಳಿಗೆಂದು 40 ನಿಮಿಷ ಕೂಡಿಸಿಕೊಳ್ಳುವುದು ಒಳ್ಳೆಯ ಅಂದಾಜು. ಮುಂಬೈಯ ದೂರ ದೆಹಲಿಯ ಅರ್ಧಕ್ಕಿಂತ ಕಡಿಮೆಯಾದರೂ ಪ್ರಯಾಣದ ಸಮಯ ಅರ್ಧಕ್ಕೆ ಇಳಿಯದಿರುವುದು ಈ 40 ನಿಮಿಷದಿಂದಲೇ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ದೆಹಲಿಯ ಮುಂಜಾನೆಯ ಮಂಜು ಮುಸುಕಿದರೆ ಯಾವ ಅಂದಾಜೂ ನಿಲ್ಲುವುದಿಲ್ಲವಾದ್ದರಿಂದ, ಆ ದಿನಗಳಲ್ಲಿ ಮಧ್ಯಾಹ್ನದ ವಿಮಾನ ಹಿಡಿಯುವುದು ಜಾಣತನ.

ವಿದೇಶಕ್ಕೆ ಹೋಗುವಾಗ ಗಡಿಯಾರದ ಲೆಕ್ಕವೂ ಸೇರುತ್ತದೆ, ಏಕೆಂದರೆ ಟಿಕೆಟ್ಟಿನಲ್ಲಿರುವುದು ಆಯಾ ಊರಿನ ಸ್ಥಳೀಯ ಸಮಯ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಬೆಂಗಳೂರನ್ನು 10ಕ್ಕೆ ಬಿಟ್ಟ ವಿಮಾನ ಅಲ್ಲಿಗೆ 12.30ಕ್ಕೆ ತಲುಪುತ್ತದೆಂದು ಬರೆದಿದ್ದರೆ, ಆ ಎರಡೂವರೆಗೆ ಒಂದೂವರೆ ಕೂಡಿಸಬೇಕು: ಪ್ರಯಾಣ ನಾಲ್ಕು ಗಂಟೆ. ಮರಳುವಾಗ ಇದೇ ಒಂದೂವರೆ ಗಂಟೆಯನ್ನು ಕಳೆಯಬೇಕು. ಪಶ್ಚಿಮದಿಂದ ಬೀಸುವ ಮೇಲ್ಗಾಳಿ ಹಿಂದಿನಿಂದ ತಳ್ಳುವ ದಿನಗಳಲ್ಲಿ ಮರಳುವ ಪ್ರಯಾಣ ಹೋದದ್ದಕ್ಕಿಂತ ಸ್ವಲ್ಪ ಬೇಗ ಮುಗಿಯುತ್ತದೆ.