ಮೊದಲು ಕೇಳಿ: ‘ಬೇಡ’ ಎನ್ನುವ ಅಧಿಕಾರ ಯಾರ ಕೈಯಲ್ಲಿದೆ?

ಎಲ್‌ಎಲ್‌ಎಂ ಪ್ರಬಂಧಗಳ ಕರಡು ನನ್ನ ಮೇಜಿಗೆ ಬರುವ ಕಾಲದಲ್ಲಿ ಒಂದು ವಾಕ್ಯ ತಪ್ಪದೆ ಹಾಜರಿರುತ್ತದೆ: ‘ಅಂತಾರಾಷ್ಟ್ರೀಯ ಸಮುದಾಯದ ಬೆಂಬಲದಿಂದ ಆ ದೇಶದ ನ್ಯಾಯಾಂಗ ಬಲಗೊಂಡಿತು.’ ನಾನು ಅದರಡಿ ಕೆಂಪು ಗೆರೆ ಎಳೆದು, ಅಂಚಿನಲ್ಲಿ ‘ಯಾರು? ಯಾವ ಕಲಮಿನಡಿ? ಎಲ್ಲಿಯವರೆಗೆ?’ ಎಂದು ಬರೆದು ವಾಪಸ್ ಕಳಿಸುತ್ತೇನೆ. ಪರದೇಶದ ನೆರವಿನಿಂದ ನಡೆಯುವ ಕೋರ್ಟ್ ಸುಧಾರಣೆಯ ಬಗ್ಗೆ ಪ್ರಬಂಧವನ್ನೋ ವರದಿಯನ್ನೋ ಬರೆಯಹೊರಟವರಿಗೆ ನಾನು ಹೇಳಿಕೊಡುವ ದಾರಿ ಇದು.

ತರಬೇತಿ ಶಿಬಿರ, ಕಂಪ್ಯೂಟರು, ಅಧ್ಯಯನ ಪ್ರವಾಸ ಎಲ್ಲವೂ ಫೋಟೋ ಸಮೇತ ವರದಿಯ ಮೊದಲ ಪುಟಗಳಲ್ಲೇ ಸಿಗುತ್ತವೆ. ಅವನ್ನು ದಾಟಿ ಮುಂದೆ ಹೋಗಿ. ಹುಡುಕಬೇಕಾದದ್ದು ಮೂಲ ಕಾನೂನಿನ ಒಂದೇ ಒಂದು ಕಲಂ. ಯೋಗ್ಯನಲ್ಲದ ಅಭ್ಯರ್ಥಿಯನ್ನು ‘ಬೇಡ’ ಎಂದು ತಡೆಯುವ ಅಧಿಕಾರ ಹೊರಗಿನವರಿಗೆ ಇದೆಯೋ, ಇಲ್ಲ ಬರೀ ಅಭಿಪ್ರಾಯ ಹೇಳಿ ಎದ್ದುಹೋಗುವ ಅವಕಾಶವೋ?

ಉಕ್ರೇನ್ ಇದಕ್ಕೆ ಒಳ್ಳೆಯ ಪಾಠ, ಏಕೆಂದರೆ ಅಲ್ಲಿ ಎರಡೂ ಬಗೆ ಪಕ್ಕಪಕ್ಕದಲ್ಲೇ ಸಿಗುತ್ತವೆ. 2017ರಲ್ಲಿ ಸುಪ್ರೀಂ ಕೋರ್ಟನ್ನು ಹೊಸದಾಗಿ ಕಟ್ಟುವಾಗ ಅಲ್ಲಿನದೇ ನಾಗರಿಕ ಸಂಘಟನೆಗಳ ಪ್ರಾಮಾಣಿಕತಾ ಮಂಡಳಿ ಅಭ್ಯರ್ಥಿಗಳ ಹಿನ್ನೆಲೆ ಜಾಲಾಡಿತು. ಆದರೆ ಅದರ ಆಕ್ಷೇಪವನ್ನು ಆಯ್ಕೆ ಆಯೋಗ 11 ಮತಗಳಿಂದ ಬದಿಗೆ ಸರಿಸಬಹುದಿತ್ತು, ಹಲವರ ವಿಷಯದಲ್ಲಿ ಸರಿಸಿತು ಕೂಡ. ಮರುವರ್ಷ ಉನ್ನತ ಭ್ರಷ್ಟಾಚಾರ ವಿರೋಧಿ ನ್ಯಾಯಾಲಯದ ಕಾನೂನು ಬಂದಾಗ ಲೆಕ್ಕ ಬದಲಾಯಿತು. ಅಂತಾರಾಷ್ಟ್ರೀಯ ಸಂಸ್ಥೆಗಳು ಹೆಸರಿಸಿದ ಆರು ತಜ್ಞರು; ಅವರಲ್ಲಿ ಮೂವರು ಸಂಶಯ ಎತ್ತಿದರೆ ಆಯ್ಕೆ ಆಯೋಗದ ಜೊತೆ ಜಂಟಿ ಸಭೆ; ಅಲ್ಲಿ ಒಟ್ಟು ಬಹುಮತದ ಜೊತೆಗೆ ಕನಿಷ್ಠ ಮೂವರು ತಜ್ಞರ ಮತವೂ ಸಿಕ್ಕರಷ್ಟೇ ಅಭ್ಯರ್ಥಿ ಉಳಿಯುತ್ತಾನೆ. ಈ ಜರಡಿಯಲ್ಲಿ 42 ಮಂದಿ ಹೊರಬಿದ್ದರು. 2019ರ ಏಪ್ರಿಲ್‌ನಲ್ಲಿ 38 ನ್ಯಾಯಾಧೀಶರ ನೇಮಕವಾಯಿತು, ಸೆಪ್ಟೆಂಬರ್ 5ರಂದು ಕೋರ್ಟು ಬಾಗಿಲು ತೆರೆಯಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಆಗಿನ ಅಧ್ಯಕ್ಷರೇ ಲಂಚದ ಆರೋಪದಲ್ಲಿ ಬಂಧಿತರಾದಾಗ ಅವರು ನಿಂತದ್ದು ಈ ಕೋರ್ಟಿನ ಮುಂದೆ. ಇಷ್ಟರಿಂದ ‘ವೀಟೊ ಇದ್ದರೆ ಸಾಕು’ ಎಂದು ತೀರ್ಮಾನ ಬರೆದುಬಿಡಬೇಡಿ. ಒಂದು ಆರೋಪದಿಂದ ಒಂದು ಇಡೀ ನೇಮಕ ಪದ್ಧತಿಯನ್ನು ಅಳೆಯಲು ಬರುವುದಿಲ್ಲ.

ಇನ್ನು ಸಂಸತ್ತು ಇದಕ್ಕೆ ಒಪ್ಪಿದ್ದೇಕೆ? ಸಾಲದ ಷರತ್ತು. ಐಎಂಎಫ್ ಈ ಕೋರ್ಟಿಲ್ಲದೆ ಮುಂದಿನ ಹಣ ಕಷ್ಟ ಎಂಬ ಸೂಚನೆ ಕೊಟ್ಟಿತ್ತು. ಕಾನೂನು 2018ರ ಜೂನ್ 7ರಂದು ಅಂಗೀಕಾರವಾಯಿತು, ಆದರೆ ಬಾಲದಲ್ಲಿ ಒಂದು ಕಳ್ಳಗಿಂಡಿ ಇತ್ತು: ಆಗಲೇ ನಡೆಯುತ್ತಿದ್ದ ಪ್ರಕರಣಗಳ ಮೇಲ್ಮನವಿ ಹಳೆಯ ಕೋರ್ಟುಗಳಿಗೇ ಹೋಗುವಂತಿತ್ತು. ಆಕ್ಷೇಪ ಬಂದ ಮೇಲೆ ಜುಲೈನಲ್ಲಿ ತಿದ್ದಿದರು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಬಿಡದೆ ಹೇಳುತ್ತೇನೆ: ಪೀಠಿಕೆ ಓದಿ ಮರುಳಾಗಬೇಡಿ, ಕೊನೆಯ ಪರಿವರ್ತನಾ ಕಲಮುಗಳನ್ನು (ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ದಾಟುವಾಗಿನ ನಿಯಮಗಳನ್ನು) ಮೊದಲು ಓದಿ. ಕೈಚಳಕವೆಲ್ಲ ಅಲ್ಲೇ.

ಆಮೇಲೆ ಕ್ಯಾಲೆಂಡರ್ ತೆಗೆಯಿರಿ. ನೆರವಿನ ಅವಧಿ ಮುಗಿಯುವುದು ಎಂದು, ಅದನ್ನು ನವೀಕರಿಸುವವರು ಯಾರು? ಗ್ವಾಟೆಮಾಲಾದ ಸಿಸಿಗ್ (ವಿಶ್ವಸಂಸ್ಥೆಯ ಜೊತೆ 2006ರ ಒಪ್ಪಂದದಿಂದ ಹುಟ್ಟಿದ ತನಿಖಾ ಆಯೋಗ) ಪ್ರಾಸಿಕ್ಯೂಟರುಗಳ ಜೊತೆ ಕೈಜೋಡಿಸಿ ಎಂಥ ಕೆಲಸ ಮಾಡಿತೆಂದರೆ, ಕಸ್ಟಮ್ಸ್ ಹಗರಣದಲ್ಲಿ 2015ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಓಟ್ಟೊ ಪೆರೆಜ್ ಮೊಲಿನಾ ರಾಜೀನಾಮೆ ಕೊಟ್ಟರು. ಆದರೆ ಅದರ ಆಯುಷ್ಯ ಎರಡೆರಡು ವರ್ಷದ್ದು, ನವೀಕರಣ ಸರ್ಕಾರದ ಕೈಯಲ್ಲಿ. ಮುಂದಿನ ಅಧ್ಯಕ್ಷ ಜಿಮ್ಮಿ ಮೊರಾಲೆಸ್ ತನಿಖೆ ತಮ್ಮ ಬುಡಕ್ಕೂ ಬಂದ ಮೇಲೆ 2018ರಲ್ಲಿ ‘ಇನ್ನು ನವೀಕರಣವಿಲ್ಲ’ ಎಂದರು. 2019ರ ಸೆಪ್ಟೆಂಬರ್ 3ಕ್ಕೆ ಬಾಗಿಲು ಮುಚ್ಚಿತು. ನ್ಯಾಯಾಧೀಶರನ್ನು ಆರಿಸುವ ಪದ್ಧತಿ ಬದಲಿಸುವ ಸಂವಿಧಾನ ತಿದ್ದುಪಡಿ ಅಷ್ಟರಲ್ಲೇ ಕಾಂಗ್ರೆಸ್‌ನಲ್ಲಿ (ಅಲ್ಲಿನ ಸಂಸತ್ತಿನಲ್ಲಿ) ಮುಗ್ಗರಿಸಿತ್ತು. ಆಯೋಗದ ಜೊತೆ ದುಡಿದ ಪ್ರಾಸಿಕ್ಯೂಟರುಗಳು, ದೊಡ್ಡ ಪ್ರಕರಣ ನಡೆಸಿದ ನ್ಯಾಯಾಧೀಶರು ಒಬ್ಬೊಬ್ಬರಾಗಿ ದೇಶ ಬಿಟ್ಟರು. ನಿಮ್ಮ ಪ್ರಬಂಧ 2015ಕ್ಕೆ ನಿಂತರೆ ಅದು ಯಶೋಗಾಥೆ, 2022ರವರೆಗೆ ಹೋದರೆ ಬೇರೆಯೇ ಕಥೆ. ಎಲ್ಲಿಗೆ ನಿಲ್ಲಿಸಿದಿರಿ, ಏಕೆ ಎಂಬುದನ್ನು ಬರೆದುಕೊಳ್ಳಿ.

ಮೂರನೆಯದು ಖಾಲಿ ಕುರ್ಚಿಗಳ ಲೆಕ್ಕ. ಅಲ್ಬೇನಿಯಾ 2016ರ ಜುಲೈನಲ್ಲಿ 140 ಮತಗಳಿಂದ, ಒಂದೂ ವಿರೋಧವಿಲ್ಲದೆ, ಸಂವಿಧಾನ ತಿದ್ದಿತು. ಸುಮಾರು 800 ನ್ಯಾಯಾಧೀಶರು, ಪ್ರಾಸಿಕ್ಯೂಟರುಗಳ ಆಸ್ತಿ, ಸಂಪರ್ಕ, ಸಾಮರ್ಥ್ಯ ಮೂರನ್ನೂ ಐರೋಪ್ಯ ಒಕ್ಕೂಟ ಮತ್ತು ಅಮೆರಿಕದ ವೀಕ್ಷಕರ ಕಣ್ಗಾವಲಿನಲ್ಲಿ ತಪಾಸಣೆ ಮಾಡಿದರು. ಅರ್ಧಕ್ಕಿಂತ ಹೆಚ್ಚು ಮಂದಿ ವಜಾ ಆಗಿಯೋ ತಾವೇ ಎದ್ದೋ ಹೋದರು. ಸರಿ, ಆದರೆ ಅವರ ಜಾಗಕ್ಕೆ? ಸಂವಿಧಾನ ನ್ಯಾಯಾಲಯಕ್ಕೇ 2018ರಿಂದ 2020ರ ಕೊನೆಯವರೆಗೆ ಕೋರಂ ಇರಲಿಲ್ಲ. ಹೈಕೋರ್ಟಿನಲ್ಲಿ (ಅಲ್ಲಿ ಅದೇ ಸುಪ್ರೀಂ ಕೋರ್ಟು) ಬಾಕಿ ಪ್ರಕರಣ 30 ಸಾವಿರ ದಾಟಿತು. ಬಾಕಿ ಎಂದರೇನು ಎಂದು ನಮ್ಮ ಕಕ್ಷಿದಾರರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ವಜಾ ಆದವರ ಸಂಖ್ಯೆ ಬರೆದ ಸಾಲಿನಲ್ಲೇ ಹೊಸದಾಗಿ ಬಂದವರ ಸಂಖ್ಯೆಯನ್ನೂ ಹಾಕಿ, ಇಲ್ಲದಿದ್ದರೆ ನಾನು ಮತ್ತೆ ಕೆಂಪು ಶಾಯಿ ಹಿಡಿಯುತ್ತೇನೆ.

ತೆಗೆದುಹಾಕಿದ ರೀತಿ ನ್ಯಾಯವೇ ಎಂದು ಪರೀಕ್ಷಿಸಲು ಸ್ಟ್ರಾಸ್‌ಬರ್ಗ್‌ನಲ್ಲಿರುವ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದ 2021ರ ಜೋಜಾಯ್ ತೀರ್ಪು ಓದಿ. ಅಲ್ಬೇನಿಯಾದ ತಪಾಸಣೆಯನ್ನು ಅದು ಎತ್ತಿಹಿಡಿಯಿತು. ಅಳತೆಗೋಲು ಬೇಕಾದರೆ ನಮ್ಮೂರಿನ ಹೆಸರಿನದೇ ಒಂದಿದೆ: ನ್ಯಾಯಾಧೀಶರ ನಡತೆಯ ಬೆಂಗಳೂರು ತತ್ವಗಳು. 2001ರಲ್ಲಿ ಬೆಂಗಳೂರಿನ ಸಭೆಯಲ್ಲಿ ಕರಡಾಗಿ, 2002ರಲ್ಲಿ ಹೇಗ್‌ನಲ್ಲಿ ತಿದ್ದಿ, 2006ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮನ್ನಣೆ ಪಡೆದವು. ಕಾನೂನು ಓದುವ ಕರ್ನಾಟಕದ ಹುಡುಗರಿಗೇ ಇದು ಗೊತ್ತಿರುವುದಿಲ್ಲ, ಬೇಸರವಾಗುತ್ತದೆ.

ದಾಖಲೆ ಓದುವ ಕ್ರಮ: ಮೊದಲು ವೆನಿಸ್ ಆಯೋಗದ (ಸಂವಿಧಾನ ವಿಷಯಗಳಲ್ಲಿ ಸಲಹೆ ಕೊಡುವ ಯುರೋಪಿನ ತಜ್ಞರ ಸಂಸ್ಥೆ) ಅಭಿಪ್ರಾಯ, ನಂತರ ಕಾನೂನಿನ ಪಠ್ಯ, ನಂತರ ಆ ದೇಶದ ಕೋರ್ಟಿನ ತೀರ್ಪು, ಕೊನೆಗೆ ನೆರವು ಕೊಟ್ಟವರ ಪ್ರಕಟಣೆ. ಅಭಿಪ್ರಾಯದ ದಿನಾಂಕವನ್ನೂ ಸಹಿಯ ದಿನಾಂಕವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಉಕ್ರೇನಿನ ಸಂವಿಧಾನ ನ್ಯಾಯಾಲಯಕ್ಕೆ ಅಭ್ಯರ್ಥಿಗಳನ್ನು ಸೋಸುವ ತಂಡದಲ್ಲಿ ಏಳನೆಯ ಸದಸ್ಯರಿರಲಿ ಎಂದು ಆಯೋಗ ಹೇಳಿದ ಮೇಲೂ 2022ರ ಡಿಸೆಂಬರ್‌ನಲ್ಲಿ ಆರು ಸದಸ್ಯರ ಕಾನೂನಿಗೇ ಸಹಿ ಬಿತ್ತು. ಅಂತಾರಾಷ್ಟ್ರೀಯ ತಜ್ಞರಿಗೆ ನಿರ್ಣಾಯಕ ಮತ ಕೊಡುವ ತಿದ್ದುಪಡಿ ಬಂದದ್ದು 2023ರಲ್ಲಿ.